ಮೇಲಿನ ಸಾಲಿನ ಒಂಟಿ ಹೆಸರು

ವಾಕೋಲಾ, ಸಾಂತಾಕ್ರೂಜ್ ಪೂರ್ವ,
ಮುಂಬಯಿ.
ತಾ. ೯-೧-೨೦೨೫, ಗುರುವಾರ

ವಿಜೇತಾಳ ಪಪ್ಪನಿಗೆ,

ನೀಲಾವತಿಯ ನಮಸ್ಕಾರ. 'ಪ್ರೀತಿಯ' ಎಂದು ಶುರು ಮಾಡಲು ಪೆನ್ನು ಹಿಡಿದೆ, ಕೈ ಮುಂದೆ ಹೋಗಲಿಲ್ಲ, ಆದ್ದರಿಂದ ಮಗಳ ಹೆಸರು ಹಿಡಿದು ಕರೆದಿದ್ದೇನೆ. ನಿಮ್ಮ ಆರೋಗ್ಯ ಹೇಗಿದೆ? ಮೊನ್ನೆ ನೀವು ಕಳಿಸಿದ ವಾಯ್ಸ್ ಮೆಸೇಜಿನಲ್ಲಿ ಕಿರುಚಿದ್ದು ಕೇಳಿದರೆ ಎದೆಗೂ ಗಂಟಲಿಗೂ ಏನೂ ಆಗಿಲ್ಲ ಎಂದು ಗೊತ್ತಾಗುತ್ತದೆ. ಶುಗರಿನ ಮಾತ್ರೆ ಮಾತ್ರ ತಪ್ಪಿಸಬೇಡಿ, ಸಿಟ್ಟು ಬಂದಾಗ ನೀವು ಊಟ ಬಿಡುವವರು, ಅದೂ ಒಳ್ಳೆಯದಲ್ಲ. ನಾವಿಬ್ಬರೂ ಇಲ್ಲಿ ಆರಾಮ. ಚಳಿ ಎಂದು ಮುಂಬಯಿಯವರು ಸ್ವೆಟರ್ ಹಾಕಿಕೊಂಡು ತಿರುಗುತ್ತಿದ್ದಾರೆ, ನನಗೇನೂ ಚಳಿ ಕಾಣುತ್ತಿಲ್ಲ. ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ "ನೀನು ಸುಮ್ಮನಿರು, ನಾನು ಹೇಳ್ತೇನೆ" ಎನ್ನುತ್ತೀರಿ. ಕಾಗದಕ್ಕೆ ಹಾಗೆ ಹೇಳಲು ಬರುವುದಿಲ್ಲ. ನಮ್ಮ ಬಿಲ್ಡಿಂಗಿನ ನವೀನ ಇವತ್ತು ಸಂಜೆಯ ವಿಮಾನಕ್ಕೆ ಮಸ್ಕತ್ತಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಸಾಂತಾಕ್ರೂಜಿನಿಂದ ಅಂಧೇರಿಯವರೆಗೆ ನಮ್ಮ ಜನರೆಲ್ಲ ನೀವು ತೀರಿಕೊಂಡಿರಿ ಎಂದು ತಿಳಿದಿದ್ದಾರೆ. ನಮ್ಮ ನಾಟಕ ಬಳಗದ ಹೊಸ ಪೋಸ್ಟರ್ ನೋಡಿ ಹಾಗೆ ತಿಳಿದದ್ದು. ಆ ಪೋಸ್ಟರನ್ನು ಪ್ರೆಸ್ಸಿಗೆ ಕಳಿಸಿದವಳು ನಾನು. "ಬೇಕೂಂತಲೇ ಮಾಡಿದ್ದೀಯಾ?" ಎಂದು ಕೇಳಿದ್ದೀರಲ್ಲ, ಹೌದು ಮಾರಾಯ್ರೇ, ಬೇಕೆಂದೇ ಮಾಡಿದ್ದು. ಬೈಯುವುದಿದ್ದರೆ ನನ್ನನ್ನೇ ಬೈಯಿರಿ. ಮುಂದಿನದ್ದನ್ನು ಕುಳಿತುಕೊಂಡು ಓದಿ.

ಬಳಗಕ್ಕೆ ಇಪ್ಪತ್ತೈದು ತುಂಬುವ ವರ್ಷ, 'ಎಂಟನೇ ಟೇಬಲು' ನಾಟಕವನ್ನು ಮತ್ತೆ ಆಡೋಣ ಎಂದು ಅಧ್ಯಕ್ಷ ಐತಣ್ಣ ಹೇಳಿದಾಗ ಎಲ್ಲರಿಗೂ ಖುಷಿಯಾಯಿತು. ಹೋಟೆಲ್ ಯಜಮಾನನ ಪಾತ್ರ ನಿಮ್ಮದಾಗಿತ್ತು. ನೀವು ಮಸ್ಕತ್ತಿಗೆ ಹೋಗಿ ಎಂಟು ವರ್ಷವಾಯಿತು, ಬಳಗದಲ್ಲಿ ಆ ಪಾತ್ರ ತೂಗಿಸುವ ಗಂಡಸರು ಯಾರೂ ಉಳಿದಿಲ್ಲ. ಹಾಗಾಗಿ ಐತಣ್ಣನೇ ಕುಳಿತು ಯಜಮಾನನನ್ನು ಯಜಮಾನಿ ಮಾಡಿ, ಸಂಭಾಷಣೆ ತಿದ್ದಿ, ವಿಜೇತಾಳಿಗೆ ಕೊಟ್ಟರು. ಅವಳ ಕನ್ನಡ ನಿಮಗೆ ಗೊತ್ತಲ್ಲ, ಅರ್ಧ ದಾರಿಯಲ್ಲಿ ಹಿಂದಿಗೆ ಇಳಿಯುತ್ತದೆ. ಸಂಭಾಷಣೆಯನ್ನೆಲ್ಲ ಹಿಂದಿ ಅಕ್ಷರದಲ್ಲಿ ಬರೆದುಕೊಂಡು, ಬೆಳಿಗ್ಗೆ ನಲ್ಲಿಯಲ್ಲಿ ನೀರು ತುಂಬಿಸುವಾಗ, ಲೋಕಲ್‌ನಲ್ಲಿ ನಿಂತಿರುವಾಗ, ಕಾಲೇಜಿನ ಮೆಟ್ಟಿಲಲ್ಲಿ, ಬಾಯಿ ಅಲ್ಲಾಡಿಸುತ್ತಲೇ ಇದ್ದಳು. ಮಳೆಗಾಲ ಪೂರ್ತಿ ಹೀಗೆ. ಗಣಪತಿ ಹಬ್ಬದ ಹೊತ್ತಿಗೆ ಅವಳ ಬಾಯಲ್ಲಿ ಕುಂದಾಪುರದ ಯಜಮಾನಿಯೊಬ್ಬಳು ಮಾತಾಡಲು ಶುರು ಮಾಡಿದ್ದಳು. ಐತಣ್ಣ ಒಂದು ದಿನ ರಿಹರ್ಸಲ್ ನಡುವೆ ಎದ್ದು ಹೊರಗೆ ಹೋಗಿ ಕಣ್ಣು ಒರೆಸಿಕೊಂಡು ಬಂದರು. ಕೇಳಿದರೆ "ಧೂಳು ಮಾರಾಯ್ತಿ, ಮೆಟ್ರೋದ ಕೆಲಸ" ಎಂದರು.

ಆಗ ಬಂತು ನಿಮ್ಮ ಫೋನ್. ನನಗಲ್ಲ, ಮಗಳಿಗೂ ಅಲ್ಲ, ನೇರ ಐತಣ್ಣನಿಗೆ. ಬೆಳ್ಳಿಹಬ್ಬದ ಒಂದು ಪ್ರದರ್ಶನಕ್ಕೆ ಬರುತ್ತೇನೆ, ಯಜಮಾನನ ಪಾತ್ರ ನಾನೇ ಮಾಡುವುದು, ಮಸ್ಕತ್ತಿನ ಸಂಘದವರೆಲ್ಲ ನನ್ನನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಾರೆ, ವಾಕೋಲಾದವರು ಮರೆತರೆ ಹೇಗೆ ಎಂದಿರಿ. ಅಷ್ಟು ಸಾಲದು ಎಂದು, "ಆ ಹುಡುಗಿಯ ಕನ್ನಡ ಕೇಳಿದ್ರೆ ಜನ ಇಂಟರ್‌ವಲ್‌ಗೆ ಮೊದಲೇ ಎದ್ದು ಹೋಗ್ತಾರೆ" ಎಂದೂ ಹೇಳಿದಿರಿ. ಆ ಹುಡುಗಿ! ಅವಳಿಗೊಂದು ಹೆಸರಿದೆ, ಇಟ್ಟವರು ನೀವೇ. ಸ್ಥಾಪಕ ಕಲಾವಿದ ಎಂಬ ಮುಲಾಜಿಗೆ ಕಮಿಟಿ ತಲೆಯಾಡಿಸಿತು. ಐತಣ್ಣನೇ ಮನೆಗೆ ಬಂದು ವಿಜೇತಾಳಿಗೆ ಹೇಳಿದರು. ಅವಳು "ಓಕೆ ಅಂಕಲ್" ಎಂದಳು. ಸಂಭಾಷಣೆಯ ಹಾಳೆಗಳನ್ನು ಮಡಚಿ ಗಾದಿಯ ಕೆಳಗೆ ಇಟ್ಟಳು, ಐತಣ್ಣನಿಗೆ ಚಹಾ ಮಾಡಿ ಕೊಟ್ಟಳು. ಆ ದಿನ ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಇನ್ನು ಪೋಸ್ಟರಿನ ಮಾತು. ನಿಮ್ಮ ಹೆಸರಿನ ಹಿಂದೆ ನಾನು ಪಟ್ಟ ಪಾಡು ನಿಮಗೆ ನೆನಪಿರಲಿಕ್ಕಿಲ್ಲ. ಪ್ರೆಸ್ಸಿನಲ್ಲಿ ಹಗಲಿಡೀ ಗುಜರಾತಿ ಶೇಠನ ಮದುವೆ ಕಾರ್ಡು ಜೋಡಿಸಿ, ಸಂಜೆ ಅದೇ ಕಂಪ್ಯೂಟರಿನಲ್ಲಿ ಬಳಗದ ಪೋಸ್ಟರಿಗೆ ಕೂರುತ್ತಿದ್ದೆ, ನೀವು ಹಿಂದೆ ನಿಂತು ಸ್ಕ್ರೀನಿಗೆ ಬೆರಳು ಒತ್ತುತ್ತಿದ್ದಿರಿ. ಅದು ಚಿಕ್ಕದಾಯಿತು, ಇದು ತೆಳುವಾಯಿತು. ನಿಮ್ಮ ಹೆಸರು 'ಸೀನ' ಎಂದರೆ ಎರಡೇ ಅಕ್ಷರ. ಪಕ್ಕದಲ್ಲಿ ಜೊತೆಯ ಪಾತ್ರಧಾರಿ ಪದ್ಮನಾಭ ಬಂದರೆ ಅವನ ಹೆಸರು ಅಗಲವಾಗಿ ಕಾಣುತ್ತದೆ, ಅದಕ್ಕೆ ನಾನೇನು ಮಾಡಲಿ? "ಎಳೆ, ಅಡ್ಡಕ್ಕೆ ಎಳೆ" ಎಂದಿರಿ. ಎಳೆದೆ. ಬಸ್ಸಿನ ಚಕ್ರಕ್ಕೆ ಸಿಕ್ಕಿದ ಹಾಗಾಯಿತು ಅಕ್ಷರ. ದಪ್ಪ ಮಾಡು ಎಂದಿರಿ. ಕನ್ನಡ ಅಕ್ಷರವನ್ನು ಲೆಕ್ಕ ಮೀರಿ ದಪ್ಪ ಮಾಡಿದರೆ ಒಳಗಿನ ಸುಳಿಯೆಲ್ಲ ಮುಚ್ಚಿ, ದೂರದಿಂದ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ ಎಂದೆ. ಕೇಳಲಿಲ್ಲ. ಕೆಂಪಿನ ಮೇಲೆ ಹಳದಿ, ಹಳದಿಗೆ ಕಪ್ಪು ನೆರಳು, ನೆರಳಿಗೆ ಬಿಳಿ ಅಂಚು. ಕೊನೆಗೆ ಹೆಸರು ಉದ್ದ ಮಾಡಲಿಕ್ಕೆಂದೇ ಯಾವುದೋ ಸಂಘದಿಂದ 'ಕಲಾಸಿಂಧು' ಎಂಬ ಬಿರುದು ತಂದಿರಿ. ಪದ್ಮನಾಭನ ಪಕ್ಕದಲ್ಲಿ 'ಕಲಾಸಿಂಧು ಸೀನ ವಾಕೋಲಾ' ಎಂದು ಹಾಕಿದ ಮೇಲೆ ನಾಟಕದ ಹೆಸರಿಗೆ ಜಾಗ ಸಾಲದೆ ಅದನ್ನು ಕೆಳಗೆ ಮೂಲೆಗೆ ತಳ್ಳಬೇಕಾಯಿತು. ಆ ವರ್ಷ ಜನ ಟಿಕೆಟ್ ಕೌಂಟರಿಗೆ ಬಂದು ಯಾವ ನಾಟಕ ಎಂದು ಕೇಳುತ್ತಿದ್ದರು. ಅಬ್ಬಬ್ಬಾ, ನೆನೆಸಿಕೊಂಡರೆ ಈಗಲೂ ತಲೆ ಬಿಸಿಯಾಗುತ್ತದೆ.

ನಮ್ಮ ಬಳಗದ ಪೋಸ್ಟರಿಗೆ ಒಂದು ಕಟ್ಟಳೆ ಇದೆ. ಯಾರೂ ಬರೆದಿಟ್ಟದ್ದಲ್ಲ, ಆದರೆ ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ಎಲ್ಲಕ್ಕಿಂತ ಮೇಲೆ ಗಣಪತಿ. ಅವನ ಕೆಳಗೆ, ನಡುವಿನಲ್ಲಿ, ಸುತ್ತ ಖಾಲಿ ಜಾಗ ಬಿಟ್ಟು, ಒಂಟಿಯಾಗಿ ಒಂದು ಹೆಸರು ಬಂದರೆ ಅದು ತೀರಿಹೋದವರದ್ದು. ಹಾರ್ಮೋನಿಯಂ ಮೇಷ್ಟ್ರು ಹೋದ ವರ್ಷ ಅವರ ಹೆಸರು ಅಲ್ಲಿ ಬಂತು, ಬಣ್ಣ ಹಚ್ಚುತ್ತಿದ್ದ ಭಂಡಾರಿಯವರು ಹೋದಾಗ ಅವರದ್ದೂ ಬಂತು. ಹೆಸರಿನ ಹಿಂದೆ ದಿವಂಗತ ಎಂದು ಹಾಕುವ ಅಗತ್ಯವೇ ಬೀಳಲಿಲ್ಲ, ಜಾಗ ನೋಡಿಯೇ ಜನ ಕೈ ಮುಗಿದರು. ಬದುಕಿದ್ದವರ ಹೆಸರು ಯಾವಾಗಲೂ ಸಾಲಿನಲ್ಲಿ, ಪಕ್ಕದಲ್ಲಿ ಇನ್ನೊಬ್ಬರು ಇದ್ದೇ ಇರಬೇಕು. ಅಧ್ಯಕ್ಷರಾದ ಐತಣ್ಣನೇ ಒಂಟಿಯಾಗಿ ಬರಲು ಒಪ್ಪುವುದಿಲ್ಲ, "ನನ್ನ ಬಗಲಿಗೆ ಕಾರ್ಯದರ್ಶಿಯನ್ನಾದರೂ ಕೂರಿಸು" ಎನ್ನುತ್ತಾರೆ. ಇದು ನಿಮಗೆ ಗೊತ್ತಿರಲಿಲ್ಲವೇ? ಇಷ್ಟು ವರ್ಷ ಪೋಸ್ಟರಿನಲ್ಲಿ ನೀವು ನೋಡಿದ್ದು ನಿಮ್ಮ ಹೆಸರು ಎಲ್ಲಿದೆ ಎಂದು ಮಾತ್ರ. ಬೇರೆಯವರದ್ದು ಎಲ್ಲಿದೆ ಎಂದು ಒಮ್ಮೆ ಕಣ್ಣು ಹಾಯಿಸಿದ್ದರೆ ಗೊತ್ತಾಗುತ್ತಿತ್ತು.

ಐತಣ್ಣನ ಫೋನಿಗೆ ನೀವು ಕಳಿಸಿದ ಮಾತನ್ನು ನಾನು ಹಲವು ಸಲ ಕೇಳಿದ್ದೇನೆ. "ನನ್ನ ಹೆಸರು ಎಲ್ಲರಿಗಿಂತ ಮೇಲೆ ಬರಬೇಕು. ಒಬ್ಬನದ್ದೇ ಸಾಲು. ಪಕ್ಕದಲ್ಲಿ ಒಂದು ನರಪಿಳ್ಳೆ ಬೇಡ." ಹಾಗೆಯೇ ಆಯಿತಲ್ಲ? ಗಣಪತಿಯ ಕೆಳಗೆ ನೀವೊಬ್ಬರೇ. ಸುತ್ತ ಅಂಗೈ ಅಗಲ ಖಾಲಿ ಜಾಗ. ಅಕ್ಷರ ಎಳೆದಿಲ್ಲ, ನೆರಳಿಲ್ಲ, ಅಂಚಿಲ್ಲ, ಬಿಳಿಯ ಮೇಲೆ ಶುದ್ಧ ಕಪ್ಪು. ನೀವು ಕಳಿಸಿದ ಫೋಟೋ ಬೇರೆ, ಕೂದಲೆಲ್ಲ ಇದ್ದ ಕಾಲದ್ದು. ಸತ್ತವರ ಮನೆಯಲ್ಲಿ ಹುಡುಕಿ ತೆಗೆಯುವ ಫೋಟೋ ಯಾವಾಗಲೂ ಅಂಥದ್ದೇ. ಮೇಲೆ ನೀವು ಇದ್ದೀರಲ್ಲ ಎಂದು ಕೆಳಗೆ ಪಾತ್ರಧಾರಿಗಳ ಸಾಲಿನಲ್ಲಿ ನಿಮ್ಮ ಹೆಸರು ಬರಲಿಲ್ಲ. ಹೇಳಬೇಕೆಂದರೆ ನಮ್ಮ ಬಳಗದ ಪೋಸ್ಟರುಗಳಲ್ಲೆಲ್ಲ ಇಷ್ಟು ಚೆಂದದ್ದು ಇನ್ನೊಂದಿಲ್ಲ. ಪ್ರತಿ ಅಕ್ಷರಕ್ಕೂ ಉಸಿರಾಡಲು ಜಾಗ ಇದೆ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗುವುದಿಲ್ಲ, ನಾಟಕದ ಹೆಸರು ರಸ್ತೆಯ ಆಚೆ ಬದಿಯಿಂದಲೂ ಓದಲಿಕ್ಕಾಗುತ್ತದೆ. ಪ್ರೂಫ್ ಕೈಗೆ ಬಂದಾಗ ನಾನು ಬಹಳ ಹೊತ್ತು ನೋಡಿದೆ. ಆಮೇಲೆ ಪ್ರಿಂಟ್ ಮಾಡಿ ಎಂದೆ. ಕಮಿಟಿಗೆ ತೋರಿಸದೆಯೇ ಹೋಟೆಲುಗಳಿಗೂ ಸೊಸೈಟಿಗಳ ಬೋರ್ಡಿಗೂ ಹಂಚಿಸಿದೆ.

ಮರುದಿನವೇ ಶುರುವಾಯಿತು. ಅಂಧೇರಿ ಸ್ಟೇಷನ್ನಿನ ಹತ್ತಿರ ನೀವು ಇಡ್ಲಿ ತಿನ್ನಲು ಹೋಗುತ್ತಿದ್ದ ಹೋಟೆಲಿನ ಶೆಟ್ಟರು ಪೋಸ್ಟರಿಗೆ ಮಲ್ಲಿಗೆ ಹಾರ ಹಾಕಿ ಊದುಬತ್ತಿ ಹಚ್ಚಿದರು. ಅದರ ಫೋಟೋ ನಿಮಗೂ ಬಂದಿದೆಯಂತೆ, ಅದನ್ನು ನೋಡಿಯೇ ನೀವು ಕಿರುಚಿದ್ದು. ಹಾರ ಒಳ್ಳೆಯದಿತ್ತು, ಅಗ್ಗದ್ದಲ್ಲ. ಲೋಕಲ್‌ನಲ್ಲಿ ಒಬ್ಬರು ಹೆಂಗಸು ಗುರುತು ಹಿಡಿದು, ತಮ್ಮ ಸೀಟು ಬಿಟ್ಟುಕೊಟ್ಟರು, ನಾನೂ ಕುಳಿತೆ. ನಾವು ಮೊದಲು ಇದ್ದ ಚಾಳಿನ ಸುಮತಿಯಕ್ಕ ಬಿಳಿ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಾಗ ನಾನು ಬಂಗುಡೆ ಹುರಿಯುತ್ತಿದ್ದೆ. ಅವರ ಮುಖ ನೀವು ನೋಡಬೇಕಿತ್ತು! "ನೀಲಾ, ಇಷ್ಟು ಬೇಗ ಮೀನಾ?" ಎಂದರು. ಬದುಕಿದ್ದಾರೆ ಅಕ್ಕಾ, ಮಸ್ಕತ್ತಿನಲ್ಲಿ ಗಟ್ಟಿಮುಟ್ಟಾಗಿದ್ದಾರೆ ಎಂದೆ. ಅವರಿಗೆ ನಂಬಿಕೆಯೇ ಬರಲಿಲ್ಲ, ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡು ನನ್ನ ತಲೆ ಸವರಿ ಹೋದರು. ಸಾಯಲಿಲ್ಲ ಎಂದು ಹೇಳಿ ಹೇಳಿ ನನಗೂ ಸಾಕಾಯಿತು. ಎಂಟು ವರ್ಷದಲ್ಲಿ ನಿಮ್ಮ ಬಗ್ಗೆ ನಾನು ಇಷ್ಟು ಮಾತಾಡಿದ್ದು ಇದೇ ಮೊದಲು.

ಕಮಿಟಿ ತುರ್ತು ಸಭೆ ಕರೆಯಿತು. ಒಬ್ಬರು ನನ್ನನ್ನು ಬಳಗದಿಂದ ತೆಗೆಯಬೇಕೆಂದರು. ತೆಗೆಯಿರಿ, ನಾಳೆಯಿಂದ ಪೋಸ್ಟರ್ ನೀವೇ ಮಾಡಿ ಎಂದೆ, ಕುಳಿತರು. ಐತಣ್ಣ ಮಾತ್ರ ನನ್ನನ್ನೇ ನೋಡುತ್ತಿದ್ದವರು ಕೊನೆಗೆ ಹೇಳಿದ್ದು ಇಷ್ಟು: "ಈಗ ಸೀನ ಸ್ಟೇಜಿಗೆ ಬಂದ್ರೆ ಜನ ನಾಟಕ ನೋಡೂದಿಲ್ಲ, ಅವನನ್ನು ನೋಡ್ತಾರೆ. ಅಳೂ ಸೀನಿನಲ್ಲಿ ನಗ್ತಾರೆ. ಬೆಳ್ಳಿಹಬ್ಬದ ದಿನ ನಮ್ಮ ಮರ್ಯಾದೆ ಹೋಗ್ತದೆ. ಪಾತ್ರ ಹುಡುಗಿಯೇ ಮಾಡ್ಲಿ." ಕಮಿಟಿ ಒಪ್ಪಿತು. ಮನೆಗೆ ಬಂದು ವಿಜೇತಾಳಿಗೆ ಹೇಳಿದೆ. ಗಾದಿ ಎತ್ತಿ ಹಾಳೆಗಳನ್ನು ತೆಗೆದಳು. ಹೊಸ ಪೋಸ್ಟರ್ ಶನಿವಾರ ಬರುತ್ತದೆ. ಅದರಲ್ಲಿ ನೀವು ಸ್ಥಾಪಕರ ಸಾಲಿನಲ್ಲಿ, ಐತಣ್ಣನ ಪಕ್ಕದಲ್ಲಿ ಇದ್ದೀರಿ, ಎಲ್ಲರ ಅಳತೆಯೇ ನಿಮ್ಮದೂ. ಬದುಕಿದ್ದೀರಿ ಎಂದು ಜನರಿಗೆ ತಿಳಿಯಲು ಅಷ್ಟು ಸಾಕು.

"ಭಾನುವಾರ ಮಗಳಿಗೆ ಫೋನ್ ಮಾಡಿ ನಿನ್ನ ಅಮ್ಮ ಎಂಥವಳು ಅಂತ ಹೇಳ್ತೇನೆ, ಆಮೇಲೆ ಬಂದು ಸ್ಟೇಜಿನ ಮೇಲೇ ನಿಲ್ತೇನೆ" ಎಂದಿದ್ದೀರಿ. ಬನ್ನಿ. ವಿಮಾನ ನಿಮ್ಮದು, ರಜೆ ನಿಮ್ಮದು. ಆದರೆ ನೆನಪಿರಲಿ, ಸ್ಟೇಜಿನ ಪರದೆ ಎಳೆಯುವವರಿಂದ ಹಿಡಿದು ಬಾಗಿಲಲ್ಲಿ ಟಿಕೆಟ್ ಹರಿಯುವವರವರೆಗೆ ಆ ಹುಡುಗಿ ಕನ್ನಡ ಕಲಿತದ್ದನ್ನು ಕಣ್ಣಾರೆ ಕಂಡವರು. ನೀವು ಹತ್ತು ದಿನದ ರಜೆಗೆ ಬಂದಾಗಲೂ ಸನ್ಮಾನ, ಶಾಲು, ಊಟ ಎಂದು ತಿರುಗಿ, ಹೋಗುವ ದಿನ ಏರ್‌ಪೋರ್ಟಿನಲ್ಲಿ ಅವಳಿಗೆ "ಯಾವ ಕ್ಲಾಸು ಈಗ?" ಎಂದು ಕೇಳಿದವರು. ನಿಮ್ಮ ಮೇಲೆ ನನಗೆ ಕನಿಕರ ಇಲ್ಲ. ಗಂಡ ಎಂದು ಜಗಳವಾಡುವಷ್ಟು ಸಲಿಗೆಯೂ ಈಗ ಉಳಿದಿಲ್ಲ. ನನ್ನನ್ನು ಏನು ಬೇಕಾದರೂ ಅನ್ನಿ, ಊರಿಡೀ ಸಾರಿ, ನನಗೆ ಬೇಸರವಿಲ್ಲ.

ಇನ್ನು ಬರೆಯಲು ಹೆಚ್ಚಿಲ್ಲ. ಐತಣ್ಣ ನಿಮ್ಮನ್ನು ಕೇಳಿದ್ದಾರೆಂದು ತಿಳಿಸಲು ಹೇಳಿದರು, ತಿಳಿಸಿದ್ದೇನೆ. ನವೀನನ ಬ್ಯಾಗಿನಲ್ಲಿ ನಿಮಗೆ ಬೇಕಾದ ಕುಚ್ಚಲಕ್ಕಿ ಹಪ್ಪಳ ಇಟ್ಟಿದ್ದೇನೆ, ಸಿಟ್ಟಿಗೆ ಎಸೆಯಬೇಡಿ, ಒಣಗಿಸಿದವಳ ಕೈ ನೋವಿನ್ನೂ ಹೋಗಿಲ್ಲ. ದೇವರು ನಿಮಗೆ ಆಯುಸ್ಸು ಕೊಡಲಿ. ಇದನ್ನು ವ್ಯಂಗ್ಯಕ್ಕೆ ಬರೆದದ್ದಲ್ಲ.

ಇತಿ,
ನೀಲಾವತಿ

ವಿ.ಸೂ.: ನವೀನ ಕೆಳಗೆ ರಿಕ್ಷಾ ನಿಲ್ಲಿಸಿಕೊಂಡು ಕೂಗುತ್ತಿದ್ದಾನೆ, ಅಕ್ಷರ ಸೊಟ್ಟಗಾದರೆ ಹೊಂದಿಸಿಕೊಂಡು ಓದಿ. ಆ ಪೋಸ್ಟರ್ ಮಾಡಿದವಳು ನಾನಲ್ಲ, ವಿಜೇತಾ. ನಾನು ಪ್ರೆಸ್ಸಿಗೆ ಕಳಿಸಿದ್ದು ಮಾತ್ರ. ಐತಣ್ಣ ಪಾತ್ರ ಹೋಯಿತೆಂದು ಹೇಳಿ ಹೋದ ಮೇಲೆ ಅವಳು ನನಗೆ ಹೇಳಿದ್ದು, "ಇಟ್ಸ್ ಓಕೆ ಮಮ್ಮಿ, ಪಪ್ಪಾ ಬರ್ತಾರಲ್ಲ, ಪೋಸ್ಟರ್ ನಾನು ಮಾಡ್ತೇನೆ." ತನ್ನ ಹೆಸರನ್ನು ಎಲ್ಲಕ್ಕಿಂತ ಕೊನೆಗೆ, ಎಲ್ಲರಿಗಿಂತ ಸಣ್ಣದಾಗಿ ಹಾಕಿಕೊಂಡಿದ್ದಳು. ಬಳಗದ ಕಟ್ಟಳೆ ಅವಳಿಗೆ ಗೊತ್ತಿಲ್ಲ, ನಾವ್ಯಾರೂ ಹೇಳಿ ಕೊಟ್ಟಿಲ್ಲ. ಯಾವ ಹೆಸರಿಗೆ ಗೌರವ ಕೊಡಬೇಕೋ ಅದರ ಸುತ್ತ ಜಾಗ ಬಿಡಬೇಕು ಎಂದು ಅವಳ ಡಿಸೈನ್ ಕಾಲೇಜಿನಲ್ಲಿ ಕಲಿಸಿದ್ದಾರೆ, ಅವಳು ನಿಮಗೆ ಕೈಲಾದಷ್ಟು ಜಾಗ ಬಿಟ್ಟಳು. "ಪಪ್ಪಾ ಕಾ ನಾಮ್ ಸಬ್ಸೇ ಊಪರ್, ಅಚ್ಛಾ ಲಗ್ ರಹಾ ಹೈ ನಾ ಮಮ್ಮಿ?" ಎಂದು ನನ್ನ ಮುಖ ನೋಡಿದಳು. ಪಪ್ಪನ ಹೆಸರು ಎಲ್ಲಕ್ಕಿಂತ ಮೇಲೆಯೇ ಇದೆ, ಚೆಂದ ಆಗಿದೆ ಎಂದೆ. ಎಲ್ಲ ಗೊತ್ತಿದ್ದೂ ಕಳಿಸಿದೆ, ಆ ಪಾತ್ರ ಅವಳಿಗೆ ವಾಪಸ್ ಬರಲಿ ಎಂದು. ಜನರ ಮಾತು ಇನ್ನೂ ಅವಳ ಕಿವಿಗೆ ಬಿದ್ದಿಲ್ಲ. ಅವಳ ಕಾಲೇಜಿನಲ್ಲಿ ನಮ್ಮವರಿಲ್ಲ, ಬಳಗದವರ ಬಾಯಿಗೆ ಐತಣ್ಣ ಬೀಗ ಹಾಕಿದ್ದಾರೆ. ನಿಮಗೆ ರಜೆ ಸಿಗಲಿಲ್ಲ, ಅದಕ್ಕೆ ಪಾತ್ರ ಬದಲಾಯಿತು ಎಂದು ಹೇಳಿದ್ದೇನೆ, ನಂಬಿದ್ದಾಳೆ. ಮೊದಲಿನ ಪೋಸ್ಟರನ್ನು ತನ್ನ ಹಾಸಿಗೆಯ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದಾಳೆ, ತೆಗಿ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ಭಾನುವಾರದವರೆಗೆ ಕಾಯಬೇಡಿ. ನವೀನ ಕಾಗದ ಕೊಟ್ಟ ಕೂಡಲೇ ಫೋನ್ ಮಾಡಿ, "ರಜೆ ಸಿಗಲಿಲ್ಲ ಮಗಾ, ಪೋಸ್ಟರ್ ಚೆಂದ ಮಾಡಿದ್ದೀಯ" ಎಂದು ಹೇಳಿ. ಅಷ್ಟೇ ಹೇಳಿ, ಹೆಚ್ಚು ಬೇಡ. ನನಗಲ್ಲ, ಅವಳಿಗೆ ಮಾಡಿ.